ನಾದಿನಿ ಮದುವೆಯ ಡಿವಿಡಿ

‘ಎಡಿಟಿಂಗ್ ನಾನೇ ಮಾಡ್ತೀನಿ ಬಿಡಿ’ ಎಂದು ಗಂಗಾಧರಸ್ವಾಮಿ ಹೇಳಿದ್ದು ಒಂದೇ ಸಲ. ಅದೂ ಮದುವೆ ಮನೆಯ ಗಲಾಟೆಯಲ್ಲಿ, ಬಾಯಿ ತುಂಬ ಎಲೆ ಅಡಿಕೆ ಇಟ್ಟುಕೊಂಡು, ಅರ್ಧಂಬರ್ಧ ಕೇಳಿಸುವಂತೆ. ಆದರೂ ಆ ಮಾತು ಹೆಂಡತಿಯ ಕಡೆಯವರಿಗೆಲ್ಲ ಮೈಕಿನಲ್ಲಿ ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿಬಿಟ್ಟಿತ್ತು.

ಮದುವೆ ಅವನ ನಾದಿನಿ ಬಿಂದುಶ್ರೀಯದು, ಟಿ. ನರಸೀಪುರದಲ್ಲಿ. ವಿಡಿಯೋದವನು ಐದು ಪುಟಾಣಿ ಕ್ಯಾಸೆಟ್ ತುಂಬಿಸಿಕೊಂಡು, ಹಾಡು ಟೈಟಲ್ಲು ಎಲ್ಲ ಸೇರಿಸಿ ಡಿವಿಡಿ ಮಾಡಿಕೊಡೋಕೆ ಒಂದು ತಿಂಗಳು ಟೈಮ್ ಬೇಕು ಅಂದಿದ್ದ. ಗಂಗಾಧರಸ್ವಾಮಿಗೆ ತಡೆಯಲಾಗಲಿಲ್ಲ. ನಂಜನಗೂಡಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಟೈಪಿಸ್ಟ್ ಆಗಿದ್ದ ಅವನು ಆಗಷ್ಟೇ ಮನೆಗೆ ಕಂಪ್ಯೂಟರ್ ತಂದಿದ್ದ. ಡಿವಿಡಿ ರೈಟರಿನ ಡಬ್ಬಿಯಲ್ಲಿ ಎಡಿಟಿಂಗ್ ಸಾಫ್ಟ್‌ವೇರ್ ಒಂದು ಬಿಟ್ಟಿಯಾಗಿ ಬಂದಿತ್ತು. ಡಬ್ಬಿಯ ಮೇಲೆ ಯಾವುದೋ ದೇಶದ ಗಂಡ ಹೆಂಡತಿ ಮೂವತ್ತೆರಡು ಹಲ್ಲೂ ಬಿಟ್ಟುಕೊಂಡು ನಗುತ್ತಿದ್ದರು. ಪಕ್ಕದಲ್ಲಿ, ‘ಮೂರೇ ಹೆಜ್ಜೆಯಲ್ಲಿ ನಿಮ್ಮ ಮನೆಯ ಸಿನಿಮಾ’ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. 

ಮೊದಲನೇ ಹೆಜ್ಜೆ, ಅಂದರೆ ಕ್ಯಾಸೆಟ್ಟಿನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸುವುದಕ್ಕೇ ಐದು ತಿಂಗಳು ಹಿಡಿಯಿತು. ಎರಡನೇ ಹೆಜ್ಜೆ, ಕತ್ತರಿಸಿ ಜೋಡಿಸುವುದು. ಪುರೋಹಿತರ ಬಾಯಿ ಒಂದು ಕಡೆ, ಮಂತ್ರ ಇನ್ನೊಂದು ಕಡೆ ಹೋಗಿ, ಅದನ್ನು ಸರಿಮಾಡುವಷ್ಟರಲ್ಲಿ ಇನ್ನೂ ಒಂಬತ್ತು ತಿಂಗಳು ಕಳೆಯಿತು. ಅಷ್ಟರಲ್ಲಿ ಬಿಂದುಶ್ರೀ ಬಸುರಿಯಾಗಿ ಸೀಮಂತವೇ ಬಂತು. ನೆಂಟರಿಷ್ಟರು ಅವನಿಗೆ ‘ಡಿವಿಡಿ ಅಳಿಯ’ ಎಂದು ಹೆಸರಿಟ್ಟಿದ್ದರು. ಒಂದು ಸಲ ಅವನೆದುರಿಗೇ ಹಾಗಂದು ನಕ್ಕರು. ಆವತ್ತಿನಿಂದ ಗಂಗಾಧರಸ್ವಾಮಿಯ ಹೊಟ್ಟೆಯಲ್ಲಿ ಸಿಟ್ಟು ಬಚ್ಚಲೊಲೆಯ ಕೆಂಡದ ಹಾಗೆ ಬೂದಿಯೊಳಗೇ ಕೂತಿತ್ತು.

ಸೀಮಂತದ ದಿನ ಭಾನುವಾರ. ಎರಡು ಸಾವಿರದ ಆರನೇ ಇಸವಿಯ ಏಪ್ರಿಲ್. ಬೆಳಿಗ್ಗೆ ಏಳಕ್ಕೇ ಮಾವ ಶಿವಸ್ವಾಮಿಯ ಫೋನು. ಬೆಲ್ಲದ ಮಂಡಿ ಇಟ್ಟವರು. ಫೋನಿನಲ್ಲೂ ಲಾರಿಯವನನ್ನು ಕೂಗಿದ ಹಾಗೆಯೇ ಮಾತಾಡುತ್ತಿದ್ದರು.

“ಅಳಿಯಂದ್ರೇ, ಸಂಜೆ ನಾಕೂವರೆಗೆ ಆರತಿ. ಆರತಿ ಆಗುತ್ಲೂ ಡಿವಿಡಿ. ಬನ್ನೂರಿಂದ ಬೀಗರೂ ಬತ್ತಾವ್ರೆ. ಆಗದಾ ಇಲ್ವಾ?”

“ಆಗುತ್ತೆ ಮಾವ. ಎಲ್ಲ ರೆಡಿ ಇದೆ. ಇವತ್ತು ಸುಟ್ಟುಬಿಟ್ರೆ ಮುಗೀತು.”

“ಏನ ಸುಡೋದು?”

“ಡಿಸ್ಕಿಗೆ ಬರೆಯೋದಕ್ಕೆ ಬರ್ನ್ ಅಂತಾರೆ ಮಾವ.”

“ಶುಭಕಾರ್ಯದ ದಿನ ಸುಡೋದು ಗಿಡೋದು ಅನ್ಬ್ಯಾಡಿ. ಇನ್ನೊಂದ್ ವಿಷ್ಯ. ಊಟದ ಮನೇಲಿ ಒಬ್ಬಟ್ಟು ಮುಗ್ದೋಗಿ ಬೀಗರ ಕಡೆಯೋರು ಅಂಗೇ ಎದ್ದೋದ್ರಲ್ಲ, ಅದು ಕಾಣದಂಗೆ ತೆಗ್ದಾಕಿ. ಬಡಿಸೋರು ಮರ್ತ್‌ಬುಟ್ರು ಅಂತ ಏಳಿ ಸಂಭಾಳಿಸಿವ್ನಿ.”

ಫೋನ್ ಇಟ್ಟು ಐದು ನಿಮಿಷವಾಗಿಲ್ಲ, ಅದೇ ಮನೆಯ ಅದೇ ಫೋನಿನಿಂದ ಮಾವನ ಅಕ್ಕ ಚಿಕ್ಕಬಸಮ್ಮ. ತಮ್ಮ ಆಚೆಗೆ ಹೋಗುವುದನ್ನೇ ಕಾಯುತ್ತಿದ್ದರೆಂದು ಕಾಣುತ್ತದೆ, ದನಿ ಪಿಸುಗುಟ್ಟುವಂತಿತ್ತು.

“ಅಳೀಮಯ್ಯ, ನಾನು ಬೆಳ್ಳಿ ಚೊಂಬು ಕೊಟ್ಟುದ್ದು ಬಂದದಾ?”

“ಬಂದಿದೆ ದೊಡ್ಡಮ್ಮ.”

“ಎಷ್ಟೊತ್ತು ಬತ್ತದೆ?”

“ನಾಲ್ಕು ಸೆಕೆಂಡು.”

“ನಾಕೇಯಾ! ಮಿಕ್ಕಿದೋರೆಲ್ಲ ಸ್ಟೀಲು ಕೊಟ್ಟು ಅರ್ಧ ಗಂಟೆ ನಿಂತವ್ರೆ. ಚೊಂಬ ಒಸಿ ತಿರುಗ್ಸಿ ತೋರ್ಸಪ್ಪ. ತಳದಲ್ಲಿ ನನ್ನೆಸ್ರು ಕೆತ್ಸಿವ್ನಿ.”

ಮೂರನೆಯದು ಮದುಮಗನದೇ. ಮದನ್, ಬನ್ನೂರಿನವನು, ಗಂಗಾಧರಸ್ವಾಮಿಗೆ ಷಡ್ಡಕ. “ಅಣ್ಣಾ, ನಾನು ಕಾರಿಂದ ಇಳಿಯೋದು ಐತಲ್ಲ, ಅದನ್ನ ಸ್ಲೋ ಮೋಷನ್ ಮಾಡ್ಬುಡಿ. ಹಿಂದ್ಗಡೆ ಒಂದು ಜಬರ್ದಸ್ತ್ ಮ್ಯೂಸಿಕ್ಕು.”

ಗಂಗಾಧರಸ್ವಾಮಿ ರಿಸೀವರ್ ತೆಗೆದು ದಿಂಬಿನ ಕೆಳಗೆ ತುರುಕಿದ. 

ಬಾಗಿಲಿನಿಂದ ಬರುವವರನ್ನು ಹಾಗೆ ತುರುಕಲು ಬರುವುದಿಲ್ಲವಲ್ಲ. ಪಕ್ಕದ ಮನೆಯ ಮಂಗಳಗೌರಿ ಸೀಮಂತಕ್ಕೆ ಹೊರಟು ನಿಂತವಳು, ಅವನ ಹೆಂಡತಿ ನಂದಿತಾಳ ಜೊತೆ ನೇರ ಕಂಪ್ಯೂಟರಿನ ಮುಂದೆ ಬಂದು ನಿಂತಳು.

“ಸ್ವಾಮಣ್ಣ, ಮದುವೇಲಿ ನಾನುಟ್ಟಿದ್ದು ಮೈಸೂರ್ ಸಿಲ್ಕು. ಸೆರಗು ಒಂದು ಕಡೇನೂ ಪೂರ್ತಿ ಬಂದಿಲ್ವಂತೆ? ಸ್ವಲ್ಪ ಹಿಂದ್ಗಡೆಯಿಂದ ತಿರುಗ್ಸಿ ತೋರ್ಸಿ.”

“ಕ್ಯಾಮೆರಾದಲ್ಲಿ ಬರದೇ ಇರೋದನ್ನ ನಾನು ಎಲ್ಲಿಂದ ತಿರುಗ್ಸಲಮ್ಮ?”

“ಕಂಪ್ಯೂಟರಲ್ಲಿ ಎಲ್ಲಾ ಮಾಡ್ಬಹುದು ಅಂತಾರೆ. ನಿಮಗೆ ಬರಲ್ಲ ಅಂತ ಹೇಳಿ.”

ನಂದಿತಾ ಗಂಡನ ಪರ ವಹಿಸಲಿಲ್ಲ. “ರೀ, ಇವತ್ತೂ ಆಗಲಿಲ್ಲ ಅಂದ್ರೆ ನಾನು ನಮ್ಮ ಮನೇಲಿ ಮುಖ ಎತ್ತೋ ಹಂಗಿಲ್ಲ. ನಾವು ಒಂಬತ್ತರ ಬಸ್ಸಿಗೆ ಹೋಗಿರ್ತೀವಿ. ನೀವು ಡಿವಿಡಿ ತಗೊಂಡೇ ಬನ್ನಿ” ಎಂದಳು. ಇಲ್ಲದಿದ್ದರೆ ಬರುವುದೇ ಬೇಡ ಎಂಬುದು ಅವಳ ಮುಖದಲ್ಲಿತ್ತು.

ಅವರು ಆಚೆ ಕೋಣೆಗೆ ಹೋದ ಮೇಲೆ ಅವನು ಬಾಗಿಲು ಮುಂದೆ ಮಾಡಿಕೊಂಡು ಕೂತ. ಬಾಕಿ ಇದ್ದದ್ದು ಒಂದೇ ಕೆಲಸ. ಐವತ್ತು ನಿಮಿಷದ ಸಿನಿಮಾದ ಆರಂಭಕ್ಕೆ ತನ್ನದೇ ದನಿಯಲ್ಲಿ ನಾಲ್ಕು ಸಾಲಿನ ನಿರೂಪಣೆ. ಕಾಲೇಜಿನಿಂದ ಮೈಕಿರುವ ಹೆಡ್‌ಫೋನು ತಂದಿದ್ದ. ತಲೆಗೆ ಸಿಕ್ಕಿಸಿಕೊಂಡು, ಗಂಟಲು ಸರಿಮಾಡಿಕೊಂಡು, ರೆಕಾರ್ಡಿನ ಗುಂಡಿ ಒತ್ತಿದ. ಸಿನಿಮಾ ಓಡತೊಡಗಿತು. ಆಕಾಶವಾಣಿಯವರ ಗಾಂಭೀರ್ಯದಲ್ಲಿ ನಾಲ್ಕು ಸಾಲು ಹೇಳಿ ಮುಗಿಸುವುದಕ್ಕೂ, ದಡಾರನೆ ಬಾಗಿಲು ತೆರೆಯುವುದಕ್ಕೂ ಸರಿಹೋಯಿತು.

ಒಳಗೆ ಬಂದವರು ಅವನ ಕಾಲೇಜಿನ ಪಿ.ಟಿ. ಮೇಷ್ಟ್ರು ಚಿಕ್ಕಮಾದು. ಯಾರೂ ಕರೆಯದೆ ಸಹಾಯಕ್ಕೆ ಬರುವ ಜನ. ಮೈದಾನದಲ್ಲಿ ಕೂಗಿ ಕೂಗಿ ಸಣ್ಣ ದನಿಯಲ್ಲಿ ಮಾತಾಡುವುದು ಅವರಿಗೆ ಮರೆತೇಹೋಗಿತ್ತು.

“ಸ್ವಾಮಿಗಳೇ! ಇವತ್ತಾದ್ರೂ ಹೆರಿಗೆ ಆಯ್ತದಾ ನಿಮ್ ಡಿವಿಡೀದು? ಸರೀರಿ ಒಸಿ, ನೋಡಾನ.”

ಹೇಳುತ್ತಲೇ ಮೌಸಿಗೆ ಕೈ ಹಾಕಿದರು. ಗಂಗಾಧರಸ್ವಾಮಿ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದು ಅವರ ಕೈ ಹಿಡಿದ. “ಮುಟ್ಟಬೇಡಿ ಮೇಷ್ಟ್ರೇ! ಓಡ್ತಾ ಇದೆ, ಸುಮ್ನೆ ನೋಡಿ.”

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. ಪರದೆಯ ಮೇಲೆ ಒಬ್ಬೊಬ್ಬರೇ ಬರತೊಡಗಿದರು. ಮಾವ ಬಂದರು, ಚಿಕ್ಕಬಸಮ್ಮ ಬಂದರು, ಮದನ್ ಬಂದ. “ಇವ್ರು ಯಾರು? ಇವ್ರು?” ಎಂದು ಮೇಷ್ಟ್ರು ಕೇಳುತ್ತಾ ಹೋದರು. ಬೂದಿಯೊಳಗಿನ ಕೆಂಡಕ್ಕೆ ಗಾಳಿ ಬಿದ್ದಂತಾಯಿತು. ಹೆಂಗಸರು ಬಸ್ಸಿಗೆ ಹೋದ ಸದ್ದೂ ಕೇಳಿಸಿತ್ತು. ಯಾರು ಯಾರು ತನ್ನ ಜೀವ ಹೇಗೆ ಹೇಗೆ ತಿಂದರೆಂದು ಗಂಗಾಧರಸ್ವಾಮಿ ಮನಸಾರೆ ಹೇಳಿದ. ಮದುವೆ ಮುಗಿದು ಪರದೆ ಕಪ್ಪಾಗುವವರೆಗೂ ಹೇಳಿದ. ಹೇಳಿ ಮುಗಿಸಿದಾಗ ಭೇದಿ ನಿಂತವನ ಹಾಗೆ ಮೈ ಹಗುರವಾಗಿತ್ತು. ಅದೇ ಹುಮ್ಮಸ್ಸಿನಲ್ಲಿ, ಡಿಸ್ಕ್ ತಯಾರು ಮಾಡು ಎಂಬ ಗುಂಡಿ ಒತ್ತಿದ.

ಕಂಪ್ಯೂಟರು ಲೆಕ್ಕ ಹಾಕಿ, ಒಂದೂವರೆ ಗಂಟೆ ಬೇಕು ಎಂದಿತು. ಶೇಕಡಾ ಹತ್ತು, ಇಪ್ಪತ್ತು, ನಲವತ್ತು. ನಂದಿತಾ ಮಾಡಿಟ್ಟು ಹೋಗಿದ್ದ ಉಪ್ಪಿಟ್ಟನ್ನು ಮೇಷ್ಟ್ರು ಮುಗಿಸಿದರು. ಶೇಕಡಾ ಅರವತ್ತೆರಡಕ್ಕೆ ಬಂದಾಗ ಕರೆಂಟು ಹೋಯಿತು.

ಯುಪಿಎಸ್ಸು ಮರಿ ಕಳೆದುಕೊಂಡ ಬೆಕ್ಕಿನ ಹಾಗೆ ನಾಲ್ಕು ಸಲ ಕೂಗಿ ಸುಮ್ಮನಾಯಿತು.

ಗಂಗಾಧರಸ್ವಾಮಿ ಬೀದಿಗೆ ಓಡಿದ. ಕಂಬ ಹತ್ತಿ ಕೂತಿದ್ದವನು ಮೇಲಿಂದಲೇ, “ಸಾಯಂಕಾಲ ನಾಕಕ್ಕೆ ಬತ್ತದೆ ಸಾ” ಎಂದ. ಕಂಬದ ಕೆಳಗೆ ನಿಂತು ಗಂಗಾಧರಸ್ವಾಮಿ ಅಂದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು.

“ಯಾಕ್ರೀ ಕೂಗಾಡ್ತೀರಿ?” ಎಂದರು ಚಿಕ್ಕಮಾದು ಮೇಷ್ಟ್ರು. “ದೇವಸ್ಥಾನದ ಹತ್ರ ಛತ್ರದಲ್ಲಿ ಇವತ್ತು ಮದುವೆ ಐತೆ. ಜನರೇಟರ್ ಕರಿಯಪ್ಪ ನನ್ ಕಬಡ್ಡಿ ದೋಸ್ತು. ಎತ್ಕಳಿ ಪೆಟ್ಟಿಗೆಯ.”

ಹೀಗಾಗಿ ಹನ್ನೊಂದು ಗಂಟೆಗೆ, ಸಿಪಿಯು ತೊಡೆಯ ಮೇಲೆ, ಮಾನಿಟರು ಮೇಷ್ಟ್ರ ತೊಡೆಯ ಮೇಲೆ ಇಟ್ಟುಕೊಂಡು ಇಬ್ಬರೂ ಆಟೋದಲ್ಲಿ ಕೂತರು. ಆಟೋದಲ್ಲಿ ಇನ್ನೇನಕ್ಕೂ ಜಾಗವಿಲ್ಲದೆ ಸ್ಪೀಕರು, ಹೆಡ್‌ಫೋನು ಮನೆಯಲ್ಲೇ ಉಳಿದವು. ಕರಿಯಪ್ಪ ದೋಸ್ತಿಗೆ ಇಲ್ಲವೆನ್ನಲಾರದೆ ಊಟದ ಹಾಲಿನ ಮೂಲೆಯ ಪ್ಲಗ್ಗು ತೋರಿಸಿದ. ಅಲ್ಲಿಯೇ ಒಂದು ಖಾಲಿ ಊಟದ ಮೇಜಿನ ಮೇಲೆ ಕಂಪ್ಯೂಟರು ಪ್ರತಿಷ್ಠಾಪನೆಯಾಗಿ, ಸೊನ್ನೆಯಿಂದ ಮತ್ತೆ ಶುರುವಾಯಿತು.

ಪರದೆಯ ಮೂಲೆಯಲ್ಲಿ ತಯಾರಾಗುತ್ತಿದ್ದ ಚಿತ್ರ ಸಣ್ಣದಾಗಿ ಕಾಣುತ್ತಿತ್ತು. ಊಟ ಮುಗಿಸಿ ಕೈ ತೊಳೆಯಲು ಎದ್ದವರೆಲ್ಲ ಅಲ್ಲಿ ಬಂದು ನಿಂತರು.

“ಓಹೋ, ಆಗ್ಲೇ ಟೀವಿಲಿ ಬತ್ತಾ ಅದೆ ನೋಡ್ಲಾ ನಮ್ ಮದುವೆ!”

“ಅಲ್ಲ ಕಣ್ಲಾ, ಹೆಣ್ಣು ಬೇರೆ!”

“ಹೆಣ್ಣು ಬೇರೆ ಅಂದ್ರೆ?”

ಮಾತು ಕಾಳ್ಗಿಚ್ಚಿನ ಹಾಗೆ ಹಾಲಿನ ಆ ತುದಿಗೆ ಹೋಗಿ, ಹುಡುಗಿಯ ತಂದೆಯೇ ಓಡಿಬಂದರು. ಗಂಡಿಗೆ ಮೊದಲೇ ಒಂದು ಮದುವೆಯಾಗಿತ್ತೇನೋ ಎಂಬ ಅನುಮಾನ ಅವರಿಗೆ. ಇದು ತನ್ನ ನಾದಿನಿಯ ಮದುವೆ, ನಡೆದು ವರ್ಷದ ಮೇಲಾಯಿತು, ತನಗೆ ಕರೆಂಟು ಮಾತ್ರ ಸಾಕು ಎಂದು ಗಂಗಾಧರಸ್ವಾಮಿ ಕೈ ಮುಗಿದು ಹೇಳಬೇಕಾಯಿತು. ಅಷ್ಟು ಹೇಳಿದ್ದಕ್ಕೆ, ಊಟ ಮಾಡದೆ ಹೋಗಕೂಡದೆಂದು ಹಿಡಿದು ಕೂರಿಸಿದರು. ಯಾರೆಂದೇ ಗೊತ್ತಿಲ್ಲದವರ ಮದುವೆಯಲ್ಲಿ, ಶೇಕಡಾ ಎಪ್ಪತ್ತನ್ನು ನೋಡುತ್ತಾ, ಹಲ್ಲು ಕಚ್ಚಿಕೊಂಡು ಅವನು ಹಪ್ಪಳ ಮುರಿದ. ಮೇಷ್ಟ್ರು ಎರಡನೇ ಸಲ ಪಾಯಸ ಹಾಕಿಸಿಕೊಂಡರು.

ಅವನ ಹತ್ತಿರ ಇದ್ದದ್ದು ಮೂರೇ ಖಾಲಿ ಡಿಸ್ಕು. ಮೊದಲನೆಯದು ಶೇಕಡಾ ತೊಂಬತ್ತೆಂಟಕ್ಕೆ ಕೆಟ್ಟಿತು. ಎರಡನೆಯದನ್ನು ಬರೆಯುವಾಗ ಸಾಂಬಾರಿನ ಬಕೆಟ್ಟು ಹಿಡಿದವನೊಬ್ಬ ವೈರು ಎಡವಿದ. ಗಂಗಾಧರಸ್ವಾಮಿ ಅವನ ಕೊರಳಪಟ್ಟಿ ಹಿಡಿಯಲು ಹೋದ. ಕೈಯಲ್ಲಿ ಬಕೆಟ್ಟಿದ್ದದ್ದರಿಂದ ಅವನು ಉಳಿದ, ಗಂಗಾಧರಸ್ವಾಮಿಯ ಬಿಳಿ ಅಂಗಿ ಉಳಿಯಲಿಲ್ಲ. ಮೂರನೆಯದು ಮೂರು ಗಂಟೆಗೆ ಸರಿಯಾಗಿ, ಬಿಸಿಬಿಸಿಯಾಗಿ, ಸರಾಗವಾಗಿ ಹೊರಗೆ ಬಂತು. ಹಾಕಿ ನೋಡಲು ಟೈಮಿರಲಿಲ್ಲ. ಕಂಪ್ಯೂಟರನ್ನು ಮೇಷ್ಟ್ರಿಗೆ ಒಪ್ಪಿಸಿ, ಡಿಸ್ಕನ್ನು ಅಂಗಿಯೊಳಗೆ ಎದೆಗೆ ಅವುಚಿಕೊಂಡು ನರಸೀಪುರದ ಬಸ್ಸು ಹತ್ತಿದ.

ಅವನು ಮಾವನ ಮನೆಯ ಹೊಸ್ತಿಲು ತುಳಿದಾಗ ಆರತಿ ಮುಗಿದಿತ್ತು. ನಡುಮನೆಯಲ್ಲಿ ನಲವತ್ತು ಜನ ಟೀವಿಯನ್ನು ನೋಡುತ್ತಾ ಕೂತಿದ್ದರು. ಟೀವಿ ಹಾಕಿರಲಿಲ್ಲ. ಹಸಿರು ಸೀರೆ, ಮೊಣಕೈವರೆಗೂ ಬಳೆ ತೊಟ್ಟ ಬಿಂದುಶ್ರೀ ನಡುವೆ ಕೂತಿದ್ದಳು. ಪಕ್ಕದಲ್ಲಿ ಅವಳ ಅತ್ತೆ ಜವರಮ್ಮ, ಬನ್ನೂರಿನ ಬೀಗಿತ್ತಿ.

“ಬಂದ್ರು ಡಿವಿಡಿ ಅಳಿಯಂದ್ರು!” ಎಂದು ಯಾರೋ ಅಂದರು. ಗಂಗಾಧರಸ್ವಾಮಿ ನೇರ ಹೋಗಿ ಡಿಸ್ಕು ಹಾಕಿದ.

ಗುಲಾಬಿ ಹೂಗಳ ನಡುವೆ ಬಿಂದುಶ್ರೀ, ಮದನ್ ಹೆಸರು ಮೂಡಿತು. ನಾದಸ್ವರ ಕೇಳಿಸಿತು. ಅದರ ಮೇಲೆ ಗಂಭೀರವಾದ ದನಿ: “ನಂಜನಗೂಡಿನ ಶ್ರೀಕಂಠೇಶ್ವರನ ಕೃಪೆಯಿಂದ, ಗುರು ಹಿರಿಯರ ಆಶೀರ್ವಾದದಿಂದ...”

“ಅಯ್ಯೋ, ನಮ್ ಭಾವನ ದನಿ!” ಎಂದಳು ಬಿಂದುಶ್ರೀ. ನಡುಮನೆಯೆಲ್ಲ ಮೆಚ್ಚುಗೆಯ ಸದ್ದು. ನಂದಿತಾ ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ ಹೆಮ್ಮೆಯಿಂದ ಗಂಡನ ಕಡೆ ನೋಡಿದಳು. ಅವನ ಎದೆ ಉಬ್ಬಿತು.

ನಾಲ್ಕು ಸಾಲು ಮುಗಿಯಿತು. ಟೀವಿಯೊಳಗೆ ದಡಾರನೆ ಬಾಗಿಲು ತೆರೆಯಿತು.

ಗಂಗಾಧರಸ್ವಾಮಿಗೆ ಅರ್ಥವಾಗಲು ಮೂರು ಕ್ಷಣ ಬೇಕಾಯಿತು. ರೆಕಾರ್ಡು ನಿಲ್ಲಿಸುವ ಗುಂಡಿಯನ್ನು ತಾನು ಒತ್ತಿಯೇ ಇರಲಿಲ್ಲ! ಅಷ್ಟರಲ್ಲಿ ಟೀವಿಯಲ್ಲಿ ಶಿವಸ್ವಾಮಿಯವರು ಪೇಟ ಕಟ್ಟಿಕೊಂಡು ಬೀಗರನ್ನು ಎದುರುಗೊಳ್ಳಲು ಬಂದರು.

“ಇವರೇ ನಮ್ಮ ಮಾವ,” ಎಂದಿತು ಟೀವಿ. “ಪೇಟ ನೋಡಿ ಮೇಷ್ಟ್ರೇ, ಬೆಲ್ಲದ ಪಿಂಡಿಗೆ ಚಾಪೆ ಸುತ್ತಿದಂಗಿದೆ. ಐನೂರು ಜನನ ಕರೆದು ಮುನ್ನೂರು ಒಬ್ಬಟ್ಟು ಮಾಡ್ಸಿದ್ರು. ಬೀಗರು ಎದ್ದು ಹೋದ್ರೆ, ಬಡಿಸೋರು ಮರೆತರು ಅಂತ ಸುಳ್ಳು ಬೇರೆ!”

ಜವರಮ್ಮ ನೆಟ್ಟಗೆ ಕೂತರು. “ಆವತ್ತೇ ಅಂದೆ ನಾನು! ಒಬ್ಬಟ್ಟು ಮುಗ್ದೋಗದೆ ಅಂತ ಅಂದ್ನೋ ಇಲ್ವೋ?”

“ನಿಲ್ಸಿ! ನಿಲ್ಸಿ ಅದ!” ಎಂದು ಶಿವಸ್ವಾಮಿ ಎದ್ದರು. ರಿಮೋಟು ಚಿಕ್ಕಬಸಮ್ಮನ ಕೈಯಲ್ಲಿತ್ತು. ಅವರು ಅದನ್ನು ತೊಡೆಯ ಕೆಳಗೆ ಸೇರಿಸಿಕೊಂಡು, “ಕೂತ್ಕಳ್ಳೋ ಸಿವಸ್ವಾಮಿ. ಹೈದ ಕಷ್ಟಪಟ್ಟು ಮಾಡವ್ನೆ, ಕೇಳಾನ” ಎಂದರು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಗ ಟೀವಿಯಲ್ಲಿ ಅವರೇ ಬಂದರು, ಚೊಂಬಿನ ಸಮೇತ.

“ಈಯಮ್ಮ ಒಂದು ಚೊಂಬು ಕೊಟ್ಟು ಊರಿಗೆ ಕೆರೆ ಕಟ್ಟಿಸಿಕೊಟ್ಟಂಗೆ ಆಡ್ತಾಳೆ. ತಳದಲ್ಲಿ ಹೆಸರು ಕೆತ್ತಿಸಿದಾಳಂತೆ! ನೀರು ಕುಡಿಯೋನು ಚೊಂಬು ತಲೆಕೆಳಗೆ ಮಾಡಿ, ಹೆಸರು ಓದ್ಕೊಂಡು ಕುಡೀಬೇಕಾ?”

ಚಿಕ್ಕಬಸಮ್ಮ ಗಾಬರಿಯಾಗಿ ರಿಮೋಟಿನ ಸಿಕ್ಕ ಗುಂಡಿಯನ್ನೆಲ್ಲ ಒತ್ತಿದರು. ದನಿ ಇನ್ನೂ ಜೋರಾಯಿತು. ಶಿವಸ್ವಾಮಿ ರಿಮೋಟು ಕಿತ್ತುಕೊಂಡು, “ಇರ್ಲಿ ಕಣಕ್ಕ, ಹೈದ ಕಷ್ಟಪಟ್ಟು ಮಾಡವ್ನೆ” ಎಂದರು.

ಕಾರಿನಿಂದ ಮದನ್ ಇಳಿದ. “ಇವನಿಗೆ ಸ್ಲೋ ಮೋಷನ್ ಬೇಕಂತೆ. ಇವನು ನಡೆಯೋದೇ ಸ್ಲೋ ಮೋಷನ್ನು. ಇನ್ನೂ ನಿಧಾನ ಮಾಡಿದ್ರೆ ಫೋಟೋ ಆಗ್ಬಿಡ್ತಾನೆ.” ಬಿಂದುಶ್ರೀ ಬಳೆಗಳೆಲ್ಲ ಗಲಗಲ ಅನ್ನುವಂತೆ ನಕ್ಕಳು. ಮೈಸೂರು ಸಿಲ್ಕು ಬಂತು. “ಕ್ಯಾಮೆರಾ ಎತ್ತ ತಿರುಗಿದ್ರೂ ಈ ಮಂಗಳಗೌರಿ, ಬಸ್‌ಸ್ಟಾಂಡಿನ ಬೋರ್ಡ್ ಥರ. ಮಧ್ಯೆ ಮದುಮಗಳನ್ನ ಹುಡುಕಬೇಕು.” ಮಂಗಳಗೌರಿ ಮುಖ ಮುಚ್ಚಿಕೊಂಡಳು. ಕೊನೆಗೆ, ಅಕ್ಕತಂಗಿಯರ ನಡುವೆ ನಗುತ್ತಿದ್ದ ನಂದಿತಾ ಬಂದಳು. 

“ಇವಳ ಹಲ್ಲು ನೋಡಿ ಮೇಷ್ಟ್ರೇ. ಇದು ತವರಲ್ಲಿ ಮಾತ್ರ ಕಾಣೋದು, ನಮ್ಮ ಮನೇಲಿ ಹಬ್ಬದ ದಿನಾನೂ ಇಲ್ಲ. ಇವರೆಲ್ಲರ ನಂಟೇ ಬೇಡ ಅಂತ ಕಪಿಲೆಯಲ್ಲಿ ಒಂದು ಸಲ ಮುಳುಗಿ ಎದ್ದುಬಿಡೋಣ ಅನ್ಸುತ್ತೆ.”

ನಂದಿತಾ ನಗಲಿಲ್ಲ. ಅಳಲೂ ಇಲ್ಲ, ಗಂಡನನ್ನೇ ದಿಟ್ಟಿಸಿದಳು. ಆ ನೋಟಕ್ಕೆ ಗಂಗಾಧರಸ್ವಾಮಿ ಎದ್ದು ಹಿತ್ತಲಿಗೆ ಹೋಗಿ, ನೀರಿನ ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಕುಸಿದ. ಇವತ್ತಿಗೆ ಈ ಮನೆಯ ಬಾಗಿಲು ತನಗೆ ಮುಚ್ಚಿತು ಅಂದುಕೊಂಡ. ಮುಚ್ಚಲಿ, ಪೀಡೆ ಹೋಯಿತು ಎಂದೂ ಅಂದುಕೊಂಡ. ಬೈಯಲು ಯಾರು ಮೊದಲು ಬರುತ್ತಾರೋ ಎಂದು ಕಾಯುತ್ತಾ ಕೂತ.

ಮೊದಲು ಬಂದವರು ಶಿವಸ್ವಾಮಿ. ಹಿಂದೆ ಮುಂದೆ ನೋಡಿ, ಹತ್ತಿರ ಕೂತರು. ಅವರು ಪಿಸುಗುಟ್ಟುವುದನ್ನು ಗಂಗಾಧರಸ್ವಾಮಿ ಕೇಳಿದ್ದು ಅದೇ ಮೊದಲು.

“ಅಳಿಯಂದ್ರೇ, ನನ್ ಪೇಟದ್ದು, ಒಬ್ಬಟ್ಟಿಂದು ತೆಗ್ದುಬುಟ್ಟು ನಂಗೊಂದು ಕಾಪಿ ಮಾಡ್ಕೊಡಿ. ಅಕ್ಕನ ಚೊಂಬಿಂದು ಅಂಗೇ ಇರ್ಲಿ. ನಲವತ್ತು ವರ್ಷದಿಂದ ಕೊಟ್ಟಿದ್ದು ಕೊಟ್ಟಿದ್ದು ಅಂತ ಏಳ್ತಾಳೆ. ಒಬ್ರೂ ಬಾಯಿ ಬುಟ್ಟಿರ್ನಿಲ್ಲ.”

ಅವರು ಹೋದ ಹಿಂದೆಯೇ ಚಿಕ್ಕಬಸಮ್ಮ. “ಚೊಂಬಿನ ಮಾತ ತೆಗ್ದಾಕಪ್ಪ. ಪೇಟದ ಮಾತ ಮುಟ್ಬ್ಯಾಡ. ನಂಗೊಂದು ಸೀಡಿ.”

ಜವರಮ್ಮನಿಗೆ ಒಬ್ಬಟ್ಟಿನ ಭಾಗ ಮಾತ್ರ ಸಾಕಿತ್ತು, ಬನ್ನೂರಿನಲ್ಲಿ ಬೀದಿಯವರಿಗೆ ತೋರಿಸಬೇಕಂತೆ. ಮದನ್ ಬಂದು, “ಅಣ್ಣಾ, ಸ್ಲೋ ಮೋಷನ್ ಬ್ಯಾಡ, ಮಾಮೂಲಿ ಸ್ಪೀಡೇ ಇರ್ಲಿ. ನಂದು ತೆಗ್ದು, ಮಾವಂದು ಒಸಿ ಸೌಂಡ್ ಜಾಸ್ತಿ ಮಾಡಿ” ಎಂದ. ಬಿಂದುಶ್ರೀ ಕಿಟಕಿಯಿಂದಲೇ, ತನ್ನ ಕಾಪಿಯಲ್ಲಿ ಮದನ್ ಬಗ್ಗೆ ಅಂದದ್ದು ಎರಡು ಸಲ ಬರಲಿ ಎಂದಳು. ಮಂಗಳಗೌರಿ ಮುಖ ಊದಿಸಿಕೊಂಡೇ ಬಂದು, ತನ್ನ ಸೀರೆಯದನ್ನು ತೆಗೆದು ಬೀದಿಗೆ ನಾಲ್ಕು ಕಾಪಿ ಸಾಕೆಂದಳು. ಇನ್ನೂ ಐದು ಜನ ನೆಂಟರು ಬಂದು ತಂತಮ್ಮದು ಹೇಳಿ ಹೋದರು. ಎಲ್ಲರಿಗೂ ಶ್ರಾವಣದೊಳಗೆ ಬೇಕಿತ್ತು. ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಾಗಕೂಡದಿತ್ತು.

ಆರೂವರೆಯ ಬಸ್ಸಿನಲ್ಲಿ ನಂದಿತಾ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಹನ್ನೊಂದು ಬಗೆಯ ಡಿವಿಡಿ, ಒಂದೊಂದಕ್ಕೆ ಹದಿನಾಲ್ಕು ತಿಂಗಳೆಂದರೂ ತನ್ನ ನಿವೃತ್ತಿಯವರೆಗೆ ಕೆಲಸವಿದೆ ಎಂದು ಗಂಗಾಧರಸ್ವಾಮಿಗೆ ರೇಗಿ ರೇಗಿ ಸಾಕಾಗಿತ್ತು. ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದ:

“ನಿಂದು ಹೇಳ್ಬಿಡು. ನಿನ್ನ ಕಾಪಿಯಲ್ಲಿ ಯಾವುದನ್ನ ತೆಗೀಬೇಕು?”

“ನನ್ನ ಕಾಪಿಯಲ್ಲಿ ಒಂದಕ್ಷರಾನೂ ತೆಗೀಬೇಡಿ,” ಎಂದಳು ನಂದಿತಾ, ಕಿಟಕಿಯಿಂದ ಮುಖ ತಿರುಗಿಸದೆ. “ಬೀರುವಿನಲ್ಲಿ ಬೀಗ ಹಾಕಿ ಇಟ್ಕೋತೀನಿ. ಇನ್ನು ಮೇಲೆ ಆಗಾಗ ಬೇಕಾಗುತ್ತೆ.”